ತಮ್ಮನದಕ್ಕಿಂತ ಎತ್ತರದ ಪೆಟ್ಟಿಗೆ

ನಮ್ಮವರಿಗೆ ಹೊಟ್ಟೆಕಿಚ್ಚು ಬಂದರೆ ಮೊದಲು ಗೊತ್ತಾಗುವುದು ಊಟಕ್ಕೆ ಕೂತಾಗ. ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂರುತ್ತಾರೆ, ತುತ್ತು ಬಾಯಿಗೆ ಹೋಗುವುದಿಲ್ಲ. ಅವತ್ತೂ ಹಾಗೇ ಕೂತಿದ್ದರು. ಏನಾಯಿತು ಎಂದು ಕೇಳಿದೆ.

"ಅವನು ಟೂಲ್ ಬಾಕ್ಸ್ ತಂದಿದಾನೆ. ನೋಡಿದ್ಯಾ? ಬೀರು ಇದ್ದಂಗಿದೆ," ಅಂದರು.

ಅವನು ಎಂದರೆ ನನ್ನ ಮೈದುನ. ಕಾರು ರಿಪೇರಿಯನ್ನು ಇವರ ಕೈಕೆಳಗೇ ಕಲಿತು, ಮದುವೆಯಾದ ಮೇಲೆ ರಸ್ತೆಯ ಆ ಬದಿಯಲ್ಲಿ ತನ್ನದೇ ಗ್ಯಾರೇಜು ತೆರೆದವನು. ಜಗಳವಾಡಿ ಹೋದವನಲ್ಲ. ಜಗಳವಾಡಿ ಹೋಗಿದ್ದರೆ ಇವರಿಗೆ ಎಷ್ಟೋ ವಾಸಿ ಇತ್ತು, ಬೈದುಕೊಂಡು ಆರಾಮಾಗಿರುತ್ತಿದ್ದರು. ಒಳ್ಳೆಯವನಾಗಿಯೇ ಇದ್ದು ಕಣ್ಣೆದುರಿಗೇ ಉದ್ಧಾರವಾಗುವ ತಮ್ಮನನ್ನು ಏನು ಮಾಡಬೇಕು ಎಂದು ಇವರಿಗೆ ಇವತ್ತಿಗೂ ತಿಳಿದಿಲ್ಲ.

ನಾನೇನು ಕಡಿಮೆಯವಳಲ್ಲ. ಮಾರನೆಯ ಬೆಳಿಗ್ಗೆ ಗ್ಯಾರೇಜಿನ ಬಾಗಿಲಲ್ಲಿ ನಿಂತು ಆ ಕಡೆ ನೋಡಿದೆ. ಕೆಂಪು ಪೆಟ್ಟಿಗೆ, ಕೆಳಗೆ ಗಾಲಿ, ಮುಂದೆ ಸಾಲಾಗಿ ಖಾನೆಗಳು. ನನ್ನ ಓರಗಿತ್ತಿ ಅದರ ಮೇಲೆ ಒಂದು ಹೂಕುಂಡ ಬೇರೆ ಇಟ್ಟಿದ್ದಳು. "ಅಕ್ಕಾ, ಬಂದು ನೋಡಿ, ತೆರೆದು ತೋರಿಸ್ತೀನಿ!" ಎಂದು ಅಲ್ಲಿಂದಲೇ ಕೂಗಿದಳು. ಒಲೆ ಮೇಲೆ ಹಾಲಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಒಳಗೆ ಬಂದೆ. ಹೊಟ್ಟೆ ಉರಿಯಿತು. ಉರಿಯಬಾರದಿತ್ತು ಎಂದು ನಾನು ಹೇಳುವವಳಲ್ಲ. ಗ್ಯಾರೇಜಿನಲ್ಲಿ ಹೂಕುಂಡ ಕಂಡರೆ ಯಾರಿಗೆ ಉರಿಯುವುದಿಲ್ಲ?

ನಮ್ಮ ಗ್ಯಾರೇಜಿನಲ್ಲಿ ಇದ್ದದ್ದು ಪೆಟ್ಟಿಗೆಯಲ್ಲ, ಹಲಗೆ. ಮದುವೆಯಾದ ಹೊಸದರಲ್ಲಿ ಇವರು ಸ್ಪ್ಯಾನರ್ ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತಿದ್ದರು. ಅದನ್ನು ನೋಡಲಾಗದೆ ನಾನೇ ಒಂದು ದೊಡ್ಡ ಹಲಗೆಗೆ ಮೊಳೆ ಹೊಡೆಸಿದೆ. ಪ್ರತಿಯೊಂದು ಉಪಕರಣವನ್ನೂ ಅದರ ಮೇಲಿಟ್ಟು, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಳಗೆ ಹಳದಿ ಬಣ್ಣ ತುಂಬಿದೆ. ಸುತ್ತಿಗೆಯ ಜಾಗದಲ್ಲಿ ಸುತ್ತಿಗೆಯ ಆಕಾರ, ಇಕ್ಕಳದ ಜಾಗದಲ್ಲಿ ಇಕ್ಕಳದ್ದು. ಉಳಿದ ಬಣ್ಣದಲ್ಲಿ ಒಂದೊಂದರ ಹಿಡಿಗೂ ಒಂದೊಂದು ಚುಕ್ಕೆ ಇಟ್ಟೆ. ಯಾವುದಾದರೂ ವಾಪಸು ಬಂದಿಲ್ಲ ಎಂದರೆ ಅದರ ಹಳದಿ ನೆರಳು ಖಾಲಿಯಾಗಿ ಕಣ್ಣಿಗೆ ಹೊಡೆಯುತ್ತಿತ್ತು.

ಇವರ ಪದ್ಧತಿ ಹುಟ್ಟಿದ್ದು ಅಲ್ಲಿಂದ. ಕೆಲಸ ಮುಗಿದ ಕಾರಿನ ಬಾನೆಟ್ ಮುಚ್ಚುವ ಮೊದಲು ತಿರುಗಿ ಗೋಡೆ ನೋಡುತ್ತಾರೆ. ಹಳದಿ ಕಂಡರೆ ಬಾನೆಟ್ ಮುಚ್ಚುವುದಿಲ್ಲ. ಗಿರಾಕಿ ಎಷ್ಟೇ ಅವಸರ ಮಾಡಲಿ, ಹಾರ್ನ್ ಹೊಡೆಯಲಿ, ಬೈಯಲಿ, ಹುಡುಕಿ ತಂದು ನೇತುಹಾಕಿದ ಮೇಲೆಯೇ ಕೀಲಿಕೈ ಕೊಡುವುದು. ಇವರು ಕೆಲಸದಲ್ಲಿ ನಿಧಾನ, ಲೆಕ್ಕದಲ್ಲಿ ಮಂಕು, ಮಾತಿನಲ್ಲಿ ಒರಟು. ಆದರೆ ಇವರು ರಿಪೇರಿ ಮಾಡಿದ ಎಂಜಿನ್ನಿನೊಳಗೆ ಒಂದು ನಟ್ಟೂ ಮರೆತು ಉಳಿದಿರಲಿಲ್ಲ. ಇವರಿಗೆ ಇದ್ದ ಹೆಸರು ಅದೊಂದೇ. ಆ ಹೆಸರನ್ನು ನಂಬಿಯೇ ನಮ್ಮ ಮನೆ ನಡೆಯುತ್ತಿತ್ತು.

ಇಷ್ಟಿದ್ದೂ ಪೆಟ್ಟಿಗೆ ಬೇಕೇ ಬೇಕಾಯಿತು. ಒಂದು ವಾರ ಇವರು ಕೆಲಸ ಮಾಡಿದ್ದಕ್ಕಿಂತ ರಸ್ತೆಯಾಚೆ ನೋಡಿದ್ದೇ ಹೆಚ್ಚು. ಟೈರಿಗೆ ಗಾಳಿ ಹಾಕುವ ನೆಪದಲ್ಲಿ ಹೊರಗೆ ಬಂದು, ಬಗ್ಗಿ, ಕಾರಿನ ಕಿಟಕಿಯೊಳಗಿಂದ ಆ ಪೆಟ್ಟಿಗೆಯ ಖಾನೆಗಳನ್ನು ಎಣಿಸುತ್ತಿದ್ದರು. ಎತ್ತರವನ್ನು ತಮ್ಮನ ಮೈಮೇಲೆಯೇ ಅಳೆದರು. ತಮ್ಮ ಅದರ ಪಕ್ಕ ನಿಂತಾಗ ಅವನ ಸೊಂಟದಿಂದ ಮೇಲೆ ಒಂದು ಗೇಣು. ಹೋಗಿ ತೆರೆದು ನೋಡಿ ಬನ್ನಿ ಎಂದರೆ ಕೆಂಡವಾದರು.

"ಅವನ ಬಾಗಿಲಿಗೆ ಹೋಗಿ ನಿಂತ್ಕೊಳ್ಳಬೇಕಾ ನಾನು?"

ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿಯವನು ಸಾವಧಾನದ ಮನುಷ್ಯ. ಖಾನೆ ಎಳೆದರೆ ಪೂರ್ತಿ ಹೊರಗೆ ಬರಬೇಕು, ತಗಡು ದಪ್ಪ ಇರಬೇಕು, ಭಾರದ ಸಾಮಾನು ಕೆಳಗಿನ ಖಾನೆಗೆ ಹೋಗಬೇಕು, ಮೇಲ್ಭಾಗ ಸೊಂಟದ ಮಟ್ಟಕ್ಕಿದ್ದರೆ ಅದನ್ನೇ ಮೇಜಾಗಿ ಬಳಸಬಹುದು ಎಂದು ಒಂದೊಂದನ್ನೂ ತೋರಿಸಿದ. ಆಮೇಲೆ ಕೇಳಿದ, "ನಿಮ್ಮ ಹತ್ರ ಯಾವ್ಯಾವ ಸಾಮಾನಿದೆ? ಅದರ ಮೇಲೆ ಹೇಳ್ತೀನಿ ಯಾವುದು ಸರಿ ಅಂತ."

ಇವರು ಅಂಗೈಯನ್ನು ತಮ್ಮದೇ ತಲೆಯ ಮಟ್ಟಕ್ಕೆ ಹಿಡಿದು ತೋರಿಸಿದರು. "ಇಷ್ಟೆತ್ತರದ್ದು ಇದ್ಯಾ?"

ಇತ್ತು. ಕರಿ ಬಣ್ಣದ್ದು. ಬಿಟ್ಟಿ ಸಿಕ್ಕರೂ ಯಾರೂ ಒಯ್ಯುವುದಿಲ್ಲ ಎನ್ನುವಂತೆ ಮೂಲೆಯಲ್ಲಿ ಧೂಳು ಹಿಡಿದು ನಿಂತಿತ್ತು. ಇವರ ಮುಖ ಅರಳಿತು.

"ಖಾನೆ ಮುಚ್ಚಿದ ಮೇಲೆ ಯಾವುದು ವಾಪಸ್ ಬಂದಿಲ್ಲ ಅಂತ ಹೇಗ್ರೀ ಗೊತ್ತಾಗುತ್ತೆ?" ಎಂದು ನಾನು ಕೇಳಿದೆ.

ಅಂಗಡಿಯವನು ಖುಷಿಯಿಂದ ಹಳದಿ ಸ್ಪಂಜಿನ ಒಂದು ಹಾಳೆ ಎಳೆದು ತೆಗೆದ. "ಒಳ್ಳೆ ಪ್ರಶ್ನೆ ಕೇಳಿದ್ರಿ ಅಮ್ಮ. ಇದಕ್ಕೇ ಇದು ಇರೋದು. ಖಾನೆಯೊಳಗೆ ಹಾಸಿದ್ರೆ, ತೆರೆದ ಕೂಡಲೇ ಖಾಲಿ ಜಾಗ ಕಾಣುತ್ತೆ. ನಿಮ್ಮ ಎದುರಿನ ಗ್ಯಾರೇಜಿನವರೂ ಎಲ್ಲಾ ಖಾನೆಗೂ ತಗೊಂಡ್ರು…"

"ಅವನು ತಗೊಂಡಿದ್ದು ನಮಗೆ ಬೇಡ," ಅಂದುಬಿಟ್ಟರು ಇವರು. ಅಲ್ಲಿಗೆ ಮಾತು ಮುಗಿಯಿತು.

ಪೆಟ್ಟಿಗೆ ಬಂತು. ಅದನ್ನಿಡಲು ಗ್ಯಾರೇಜಿನಲ್ಲಿ ಇದ್ದದ್ದು ಒಂದೇ ಗೋಡೆ, ನನ್ನ ಹಲಗೆಯ ಗೋಡೆ. ಇವರು ಹಲಗೆ ಇಳಿಸಿ ಹೊರಗೆ ಒರಗಿಸಿದರು. ನಾನು ಅದನ್ನು ಮನೆಯೊಳಗೆ ತಂದು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡೆ. ನನ್ನ ಮಟ್ಟಿಗೆ ಗ್ಯಾರೇಜಿಗೆ ಬಂದದ್ದು ಪೆಟ್ಟಿಗೆಯಲ್ಲ, ಸವತಿ. ಇವರು ಬೆಳಿಗ್ಗೆ ಎದ್ದು ಅದನ್ನು ಒರೆಸುತ್ತಿದ್ದರು, ಸಂಜೆ ಅದರ ಗಾಲಿಗೆ ಎಣ್ಣೆ ಬಿಡುತ್ತಿದ್ದರು. ನನ್ನ ಮೊಣಕಾಲು ಹಿಡಿದುಕೊಂಡಿದೆ ಎಂದು ಹೇಳಿ ತಿಂಗಳಾಗಿತ್ತು, ಅದಕ್ಕೆ ಯಾವ ಎಣ್ಣೆಯೂ ಬಂದಿರಲಿಲ್ಲ.

ಮೇಲಿನ ಖಾನೆ ಇವರಿಗೆ ಸುಲಭಕ್ಕೆ ಎಟುಕುತ್ತಿರಲಿಲ್ಲ, ಅದು ಬೇರೆ ಮಾತು. ಇವರು ಕುಳ್ಳು. ಎಟುಕಿದರೂ ಒಳಗೇನಿದೆ ಎಂದು ಕಾಣುತ್ತಿರಲಿಲ್ಲ. ಒಂದು ಸ್ಟೂಲು ತಂದಿಟ್ಟುಕೊಂಡರು. ತಮ್ಮ ಆ ಕಡೆಯಿಂದ ನೋಡುತ್ತಿದ್ದಾನೆ ಎಂದರೆ ಮಾತ್ರ ಸ್ಟೂಲು ಹತ್ತದೆ ತುದಿಗಾಲಲ್ಲಿ ನಿಲ್ಲುತ್ತಿದ್ದರು.

ಸ್ವಲ್ಪ ದಿನಕ್ಕೆ ಹಲ್ಲಿನ ಡಾಕ್ಟರಮ್ಮನ ಕಾರು ಬಂತು. ಕೆಲಸ ಮುಗಿಯಿತು. ಇವರು ರೂಢಿಯಂತೆ ತಿರುಗಿ ಗೋಡೆ ನೋಡಿದರು. ಅಲ್ಲಿ ಕಂಡದ್ದು ಕರಿ ತಗಡು, ಖಾನೆಗಳೆಲ್ಲ ಮುಚ್ಚಿ ನೀಟಾಗಿತ್ತು. ಹಳದಿ ಎಲ್ಲೂ ಕಾಣಲಿಲ್ಲ. ಬಾನೆಟ್ ಮುಚ್ಚಿ ಕೀಲಿಕೈ ಕೊಟ್ಟರು. ನಾನು ಅಲ್ಲೇ ಚಹಾ ಹಿಡಿದು ನಿಂತಿದ್ದೆ, ನೋಡಿದೆ.

ಮಾರನೆಯ ದಿನ ಮಧ್ಯಾಹ್ನ ಮೈದುನ ರಸ್ತೆ ದಾಟಿ ಬಂದ. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಏನೋ ಒಂದು. ಗ್ಯಾರೇಜಿನಲ್ಲಿ ನಾವಿಬ್ಬರೇ ಇದ್ದೇವೆ ಎಂದು ಖಾತ್ರಿ ಮಾಡಿಕೊಂಡು ಬಟ್ಟೆ ಬಿಚ್ಚಿದ. ಉದ್ದ ಹಿಡಿಯ ಸ್ಪ್ಯಾನರ್. ಹಿಡಿಯ ಮೇಲೆ ಹಳದಿ ಚುಕ್ಕೆ.

"ಡಾಕ್ಟರಮ್ಮ ಏನೋ ಸದ್ದು ಬರ್ತಿದೆ ಅಂತ ನನ್ನ ಹತ್ರ ನಿಲ್ಲಿಸಿದ್ರು, ಅಣ್ಣ. ಎಂಜಿನ್ ಬೆಲ್ಟಿನ ಪಕ್ಕದಲ್ಲೇ ಸಿಕ್ಕಾಕೊಂಡಿತ್ತು. ಇನ್ನೊಂಚೂರು ಜಾರಿದ್ರೆ…" ಎಂದು ಅಲ್ಲಿಗೇ ನಿಲ್ಲಿಸಿದ. "ಅವರಿಗೆ ಕಲ್ಲು ಅಂತ ಹೇಳಿದೀನಿ."

ಇವರ ಮುಖದಲ್ಲಿ ರಕ್ತವಿರಲಿಲ್ಲ. ತಪ್ಪಾಯಿತು ಎನ್ನುವುದು ಒಂದು ಸಂಕಟ, ಅದನ್ನು ಮುಚ್ಚಿದವನು ಅವನು ಎನ್ನುವುದು ಇನ್ನೂ ದೊಡ್ಡ ಸಂಕಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮೈದುನ ಸ್ಪ್ಯಾನರನ್ನು ಅದರ ಜಾಗಕ್ಕೆ ಹಾಕಲು ಗೋಡೆಯ ಕಡೆ ತಿರುಗಿದ. ವರ್ಷಗಟ್ಟಲೆ ಅಲ್ಲಿ ಕೆಲಸ ಮಾಡಿದ ಕೈ, ತಾನಾಗಿಯೇ ಮೇಲಕ್ಕೆ ಹೋಗಿ ಹಾಗೇ ನಿಂತಿತು.

"ಅತ್ತಿಗೆ, ಹಲಗೆ ಎಲ್ಲಿ?"

"ಅಡುಗೆಮನೆಯಲ್ಲಿದೆ," ಅಂದೆ.

"ಯಾಕೆ ತೆಗೆದ್ರಿ? ನನ್ನ ಪೆಟ್ಟಿಗೆಯ ಖಾನೆಗಳಲ್ಲಿ ಅದನ್ನೇ ಅಲ್ವಾ ಕಾಪಿ ಹೊಡೆದಿರೋದು? ಸ್ಪಂಜಿನಲ್ಲಿ ಒಂದೊಂದರ ಆಕಾರ ನಮ್ಮವಳ ಕೈಲಿ ಕತ್ತರಿಸಿ ತೆಗೆಸಿದೆ. ಹಳದೀನೇ ಬೇಕು ಅಂತ ಕೇಳಿ ತಂದೆ. ಆದ್ರೂ ನಿಮ್ಮಷ್ಟು ಸರಿ ಬರಲಿಲ್ಲ. ಸುತ್ತಿಗೆ ಜಾಗದಲ್ಲಿ ಸುತ್ತಿಗೆ ಕೂರಲ್ಲ."

ಓರಗಿತ್ತಿಗೆ ಸುತ್ತಿಗೆ ಬರಲಿಲ್ಲ ಎಂದು ಕೇಳಿ ನನಗೆ ಎಷ್ಟು ಸಮಾಧಾನವಾಯಿತು ಎಂದು ಹೇಳಿ ಮುಗಿಯದು.

"ನಿಮಗೆ ಬೇಡ ಅಂದ್ರೆ ಹಲಗೆ ನಂಗೆ ಕೊಡಿ, ಅತ್ತಿಗೆ. ಈಗಲೇ ಒಯ್ತೀನಿ."

ನಾನು ಇವರ ಮುಖ ನೋಡಲಿಲ್ಲ. "ತಗೊಂಡ್ಹೋಗಪ್ಪ," ಅಂದೆ. "ಇಲ್ಲಿ ಯಾರಿಗೂ ಬೇಡವಾಗಿದೆ."

"ಮುಟ್ಟಬೇಡ!"

ಆ ಕೂಗಿಗೆ ನಾನೂ ಬೆಚ್ಚಿದೆ. ಇವರು ಸ್ಟೂಲಿನ ಪಕ್ಕದಲ್ಲಿ ಮುಷ್ಟಿ ಬಿಗಿದು ನಿಂತಿದ್ದರು.

"ಗಿರಾಕಿ ಬೇಕಾ, ತಗೋ. ಪೆಟ್ಟಿಗೆ ಬೇಕಾ, ಇದನ್ನೂ ಉರುಳಿಸ್ಕೊಂಡು ಹೋಗು. ಹಲಗೆ ಕೊಡಲ್ಲ. ಅದು ನನ್ನ ಹೆಂಡ್ತಿ ನನಗೆ ಅಂತ ಬರೆದುಕೊಟ್ಟಿದ್ದು."

ಮೈದುನ ನಗು ತಡೆಯಲು ತುಟಿ ಕಚ್ಚಿಕೊಂಡು ನನ್ನನ್ನು ನೋಡಿದ. ನನಗೆ ನಗು ಬರಲಿಲ್ಲ. ಕಣ್ಣು ಒದ್ದೆಯಾಗಿತ್ತು, ಸೆರಗಿನಿಂದ ಒರೆಸಿಕೊಂಡು ಹಲಗೆ ತರಲು ಒಳಗೆ ಹೋದೆ.

ಪೆಟ್ಟಿಗೆ ಅಷ್ಟೆತ್ತರವಿದ್ದದ್ದರಿಂದ ಹಲಗೆ ಅದರ ಮೇಲೆ, ಗೋಡೆಯ ತುದಿಗೆ ಹೋಗಬೇಕಾಯಿತು. ಎತ್ತಿ ಹಿಡಿದವನು ತಮ್ಮ. ಮೊಳೆ ಹೊಡೆದವರು ಇವರು, ಸ್ಟೂಲಿನ ಮೇಲೆ ನಿಂತು, ತಮ್ಮ ನೋಡುತ್ತಿದ್ದಾನೆ ಎನ್ನುವ ಪರಿವೆಯಿಲ್ಲದೆ. ಖಾನೆಗಳಿಂದ ಒಂದೊಂದನ್ನೇ ತೆಗೆದು ನಾನು ಕೊಟ್ಟೆ, ಇವರು ನೇತುಹಾಕಿದರು. ಕೊನೆಗೆ ಉಳಿದದ್ದು ಒಂದು ಉದ್ದನೆಯ ಹಳದಿ. ಮೈದುನ ಸ್ಪ್ಯಾನರ್ ಹಿಡಿದು ಕೈ ಚಾಚಿದ, ಅವನಿಗೆ ಸುಲಭವಾಗಿ ಎಟುಕುತ್ತಿತ್ತು.

"ಕೊಡು ಇಲ್ಲಿ," ಎಂದು ಇವರು ಕಿತ್ತುಕೊಂಡು ತಾವೇ ಹಾಕಿದರು.

ಸಂಜೆ ಡಾಕ್ಟರಮ್ಮನ ಹತ್ತಿರ ಹೋಗಿ, ಅದು ಕಲ್ಲಲ್ಲ, ನನ್ನ ಸ್ಪ್ಯಾನರ್ ಎಂದು ಹೇಳಿ ಬಂದರು. ತಮ್ಮನ ಸುಳ್ಳಿನ ಋಣದಲ್ಲಿ ಇರಲಾರರು, ಅದೂ ಹೊಟ್ಟೆಕಿಚ್ಚೇ. ಆ ಕರಿ ಪೆಟ್ಟಿಗೆಯಲ್ಲಿ ಈಗ ಕೈ ಒರೆಸುವ ಹಳೆ ಬಟ್ಟೆಗಳಿವೆ. ಎದುರಿನ ಗ್ಯಾರೇಜಿಗೆ ಹೊಸ ಕಾರು ಬಂದರೆ ಇವರು ಇವತ್ತಿಗೂ ಸರಿಯಾಗಿ ಉಣ್ಣುವುದಿಲ್ಲ. ನಾನು ಬಲವಂತ ಮಾಡುವುದಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲ, ಆ ಹೊಟ್ಟೆಕಿಚ್ಚು ನನ್ನ ಸಲುವಾಗಿಯೂ ಉರಿದಿದೆ.