ಕೆಳದಾರಿ ಕಾಯುತ್ತ ಆಡಿದ ಆಟ

ಇದನ್ನು ಹೇಳುವುದನ್ನು ನಾನು ನಲವತ್ತು ವರ್ಷಕ್ಕೂ ಮೀರಿ ಮುಂದೂಡುತ್ತ ಬಂದೆ. ಅಜ್ಜಿ ಇರುವವರೆಗೆ ಬೇಡ ಅಂದುಕೊಂಡೆ, ಅಜ್ಜಿ ಹೋದಳು. ದೊಡ್ಡಪ್ಪನ ಮನಸ್ಸಿಗೆ ನೋವಾಗುತ್ತದೆ ಅಂದುಕೊಂಡೆ, ದೊಡ್ಡಪ್ಪನೂ ಹೋದ. ಕೊನೆಗೆ ನನ್ನಿಂದ ಇದನ್ನು ಬರೆಸುತ್ತಿರುವುದು ಒಂದು ಶಬ್ದ. ಹೋದ ಬೇಸಿಗೆ ರಜೆಯಲ್ಲಿ ಮೊಮ್ಮಗಳು ತನ್ನ ಮೊಬೈಲಿನ ಇಯರ್‌ಫೋನನ್ನು ನನ್ನ ಎರಡೂ ಕಿವಿಗೆ ಸಿಕ್ಕಿಸಿ, "ಯಾವಾಗ್ಲೂ ಸೌಂಡ್ ಆಫ್ ಮಾಡ್ಕೊಂಡೇ ಆಡ್ತೀಯಲ್ಲ ತಾತ, ಈ ಆಟ ಹಂಗೆ ಆಡಕ್ಕಾಗಲ್ಲ. ಯಾರು ಯಾವ ಕಡೆಯಿಂದ ಬರ್ತಾರೆ ಅಂತ ಕೇಳಿಸ್ಕೊಂಡು ಆಡ್ಬೇಕು" ಎಂದಳು. ಬಂದೂಕಿನ ಆಟ. ಒಂದು ಪಾಳು ಮನೆಯ ಗೋಡೆ ಬದಿ ನಿಂತಿದ್ದೆ. ಬಲಗಡೆಯಿಂದ ಯಾರೋ ನಡೆದು ಬರುವುದು ಕೇಳಿಸಿತು, ತಿರುಗುವಷ್ಟರಲ್ಲಿ ಕಾಲ ಹತ್ತಿರವೇ ಬಾಂಬು ಸಿಡಿಯಿತು. ಆಮೇಲೆ ಎಲ್ಲ ಶಬ್ದ ನಿಂತುಹೋಗಿ ತಲೆಯೊಳಗೆ ಬರೀ ಗುಂಯ್ ಎನ್ನುವ ಒಂದೇ ಒಂದು ಎಳೆ. ಒಂದೆರಡು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಗಾಳಿ, ಹೆಜ್ಜೆ, ಗುಂಡಿನ ಸದ್ದು ಎಲ್ಲವೂ ನಿಧಾನಕ್ಕೆ ವಾಪಸು ಬಂದವು. ನಾನು ಇಯರ್‌ಫೋನ್ ಕಿತ್ತು ಮಂಚದ ಮೇಲೆ ಹಾಕಿದೆ. ಮೊಮ್ಮಗಳು ನಕ್ಕಳು. "ಹೆದ್ರಿಕಂಡ್ಯಾ ತಾತ? ಅದು ಸುಮ್ನೆ, ಐದು ಸೆಕೆಂಡಿಗೆ ಸರಿ ಹೋಗ್ತದೆ." ನನಗೆ ಹೆದರಿಕೆಯಾಗಿದ್ದು ಬಾಂಬಿಗಲ್ಲ, ಸರಿ ಹೋಗಿದ್ದಕ್ಕೆ.

ವಿಡಿಯೋ ಗೇಮ್‌ಗಳ ಬಗ್ಗೆ ಮಾತಾಡುವ ಹಕ್ಕು ನನಗೆ ಸ್ವಲ್ಪ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿ ಅಲ್ಲಿ ಇಲ್ಲಿ ಕೆಲಸ ಮಾಡಿ, ಆಮೇಲೆ ಚಿತ್ರದುರ್ಗದಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯೊಂದರಲ್ಲಿ ನಾಲ್ಕು ಟಿ.ವಿ. ಇಟ್ಟುಕೊಂಡು ಗೇಮಿನ ಅಂಗಡಿ ನಡೆಸಿದವನು ನಾನು. ಕ್ಯಾಸೆಟ್ಟು ಸಿಕ್ಕಿಸಿ ಆಡುವ ಕಾಲ. ಜಿಗಿದು ಜಿಗಿದು ಓಡುವ ಕುಳ್ಳನ ಆಟಕ್ಕೆ ಹುಡುಗರು ಮುಗಿಬೀಳುತ್ತಿದ್ದರು. ನನಗೆ ಅದು ಹಿಡಿಸಲಿಲ್ಲ, ಗುಂಡಿಗೆ ಬಿದ್ದವನು ಮತ್ತೆ ಮೊದಲಿದ್ದ ಜಾಗದಲ್ಲೇ ಏನೂ ಆಗದವನಂತೆ ನಿಂತಿರುತ್ತಾನೆ. ಇಬ್ಬರು ಸೇರಿ ಆಡುವ ಟ್ಯಾಂಕಿನ ಆಟ ಪರವಾಗಿಲ್ಲ, ಆದರೆ ಅದರಲ್ಲಿ ಜೊತೆಗಾರನಿಗೇ ಗುಂಡು ಹೊಡೆದು ನಗಬಹುದು. ಬಟನ್ ಮೊಬೈಲಿನ ಹಾವಿನ ಆಟವನ್ನು ನಾನು ಬಹಳ ಮೆಚ್ಚುತ್ತೇನೆ. ಅಲ್ಲಿ ಹೊರಗಿನ ಶತ್ರು ಯಾರೂ ಇಲ್ಲ, ಹಾವು ತಿಂದು ತಿಂದು ಉದ್ದವಾಗಿ ತನ್ನ ಮೈಗೆ ತಾನೇ ಬಡಿದು ಸಾಯುತ್ತದೆ. ಇಟ್ಟಿಗೆ ಬೀಳುವ ಆಟ ಅತಿ ಜಾಣ ಆಟ, ಮುಂದೆ ಏನು ಬೀಳಲಿದೆ ಎಂದು ಮೂಲೆಯಲ್ಲಿ ಮೊದಲೇ ತೋರಿಸುತ್ತದೆ. ಅಷ್ಟಾದರೂ ತಪ್ಪು ಮಾಡಿದವನು ಯಾರನ್ನೂ ದೂರುವಂತಿಲ್ಲ. ಈಗಿನ ಮಿಠಾಯಿ ಜೋಡಿಸುವ ಆಟಕ್ಕೆ ಬಾಯಿಬಡುಕತನ ಜಾಸ್ತಿ, ಸುಮ್ಮನೆ ಬೆರಳಾಡಿಸಿದರೂ ಭೇಷ್ ಎನ್ನುತ್ತದೆ. ಬೇಸಾಯದ ಆಟದಲ್ಲಿ ಬಾವಿ ಮುಟ್ಟಿದರೆ ತಾನಾಗಿ ನೀರು ತುಂಬುತ್ತದೆ. ಅದನ್ನು ಮೊಮ್ಮಗಳ ಮೊಬೈಲಿನಿಂದ ನಾನೇ ತೆಗೆದುಹಾಕಿದೆ. ಇವುಗಳೆಲ್ಲಕ್ಕೂ ಮೊದಲು ನಾನು ಆಡಿದ್ದು ಒಂದೇ ಆಟ. ಅದರ ಬಗ್ಗೆ ನನ್ನ ಅಭಿಪ್ರಾಯ ಹೇಳಬೇಕಾದರೆ ಹೊಸದುರ್ಗದ ಕಡೆಯ ಬಾಗೂರಿನ ನಮ್ಮ ಮನೆಗೆ ಹೋಗಬೇಕು. ಆ ಮನೆ ಈಗಿಲ್ಲ.

ಅದು ಕೊಬ್ಬರಿಯ ವಾಸನೆಯ ಮನೆ. ನಡುಮನೆಯ ಮೇಲಿನ ಉದ್ದನೆಯ ಅಟ್ಟದಲ್ಲಿ ವರ್ಷಗಟ್ಟಲೆ ತೆಂಗಿನಕಾಯಿ ಒಣಗುತ್ತಿದ್ದವು. ಒಲೆಯ ಹೊಗೆ, ಕಾಯಿಯ ಎಣ್ಣೆ, ಮಳೆಗಾಲದಲ್ಲಿ ತೇವದ ಸಿಪ್ಪೆ, ಈ ಮೂರೂ ಸೇರಿದ ಒಂದು ಸಿಹಿಗಮಟು ನಮ್ಮ ಹಾಸಿಗೆಗೂ ಶಾಲೆಯ ಪುಸ್ತಕಕ್ಕೂ ಹತ್ತಿಕೊಂಡಿರುತ್ತಿತ್ತು. ನಿಮ್ಮ ಮನೆಗೂ ಅದರದೇ ಒಂದು ವಾಸನೆ ಇದ್ದಿರಬೇಕು, ಅದು ಎಲ್ಲಿ ಹೋಯಿತೆಂದು ನಿಮಗೂ ಗೊತ್ತಿರಲಾರದು. ಕಾಯಿ ಪೂರ್ತಿ ಒಣಗಿದಾಗ ಒಳಗಿನ ಕೊಬ್ಬರಿ ಗಿಟುಕು ಚಿಪ್ಪು ಬಿಡುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಒಡೆಯುವ ಮುಂಚೆ ಅದನ್ನು ಕೇಳಿ ಹೇಳುವ ಕೆಲಸ ನಮ್ಮ ಮನೆಯಲ್ಲಿ ದೊಡ್ಡಪ್ಪನ ಮಗಳದು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಅವಳ ಹೆಸರು ಬರೆಯಲು ಈಗಲೇ ಕೈ ಬರುತ್ತಿಲ್ಲ, ಸದ್ಯಕ್ಕೆ ಅಕ್ಕ ಎನ್ನುತ್ತೇನೆ. ಅಜ್ಜಿ ಏಣಿಯ ಕೆಳಗೆ ನಿಂತಿರುವಳು, ಅಕ್ಕ ಅಟ್ಟದ ಅಂಚಿನಲ್ಲಿ ಕುಳಿತು ಒಂದೊಂದು ಕಾಯಿಯನ್ನೂ ಕಿವಿಗೆ ಹಿಡಿದು ಒಂದೇ ಸಲ ಅಲ್ಲಾಡಿಸಿ, "ಇನ್ನೂ ಹಸಿ ಐತೆ ಅಜ್ಜಿ", "ಇದು ಬಿಟ್ಟೈತೆ" ಎನ್ನುವಳು. ಒಡೆದು ನೋಡಿದರೆ ಅವಳು ಹೇಳಿದ್ದು ತಪ್ಪುತ್ತಿರಲಿಲ್ಲ. "ಇವಳ ಕಿವಿ ಕಾಯೊಳಗೆ ಹೋಗಿ ಬರ್ತೈತೆ ನೋಡ್ರಿ" ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಬೊಂಬಾಯಿಗೆ ಲಾರಿ ಹೊಡೆಯುತ್ತಿದ್ದ ಚಿಕ್ಕಪ್ಪ ನನಗೆ ಹದಿಮೂರಾದ ವರ್ಷ ಆ ಆಟ ತಂದುಕೊಟ್ಟ. ಅಂಗೈಯಷ್ಟು ಅಗಲ, ಬೂದು ಬಣ್ಣದ ಗಾಜು, ಎರಡು ಗುಂಡಿ. ಕೆಳಗೊಬ್ಬ ಬುಟ್ಟಿ ಹಿಡಿದ ಮನುಷ್ಯ, ಮೇಲಿನ ನಾಲ್ಕು ಮೂಲೆಯಿಂದ ಹಣ್ಣು ಉರುಳಿ ಬೀಳುತ್ತವೆ, ಹಿಡಿಯಬೇಕು. ಮೂರು ಬಿದ್ದರೆ ಆಟ ಮುಗಿಯಿತು. ಒಂದೊಂದು ಮೂಲೆಯ ಹಣ್ಣಿಗೂ ಒಂದೊಂದು ಬಗೆಯ ಟಿಕ್ ಸದ್ದು ಇದೆ ಎಂದು ಕಂಡುಹಿಡಿದವಳು ಅಕ್ಕ. ನನಗೆ ನಾಲ್ಕೂ ಒಂದೇ ಥರ ಕೇಳುತ್ತಿದ್ದವು. ಅವಳು ಕಣ್ಣು ಮುಚ್ಚಿಕೊಂಡು ಬರೀ ಸದ್ದಿನ ಮೇಲೆ ಆಡಿ ನೂರು ದಾಟಿಸುತ್ತಿದ್ದಳು. "ಕಣ್ಣು ಬಿಟ್ಕಂಡು ಆಡಿ ಮೂವತ್ತಕ್ಕೆ ಸಾಯ್ತೀಯಲ್ಲೋ ಸಿದ್ದ, ನಿನ್ಗೆ ಕಣ್ಣು ಯಾಕೆ ಕೊಟ್ಟಾನೋ ದೇವ್ರು?" ಎಂದು ಅಣಕಿಸುವಳು. ಅವಳ ಲೆಕ್ಕ ಮುರಿಯುವುದೊಂದೇ ಆ ವರ್ಷ ನನಗಿದ್ದ ಆಸೆ. ಆಟವಾಗಿ ಅದು ನ್ಯಾಯವಾದ ಆಟ. ಮೋಸ ಮಾಡುವುದಿಲ್ಲ, ಹೊಗಳುವುದಿಲ್ಲ, ತಪ್ಪನ್ನು ಎಣಿಸಿ ತೋರಿಸುತ್ತದೆ. ಅದರಲ್ಲಿ ಕೆಟ್ಟದ್ದು ಒಂದೇ: ಆಡುವವನ ತಲೆಯನ್ನು ಮೇಲೆತ್ತಲು ಬಿಡುವುದಿಲ್ಲ.

ಅದೇ ಬೇಸಿಗೆ ತೋಟದ ಬಾವಿಯ ತಳ ಕಂಡಿತು. ಬಂಡೆ ಒಡೆದು ಆಳ ಮಾಡಲು ಮದ್ದಿನ ತಿಪ್ಪಣ್ಣನನ್ನು ಕರೆಸಿದರು. ಬೆಳಗಿನಿಂದ ಚಾಣ ಹಿಡಿದು ಬಂಡೆಗೆ ತೂತು ಹೊಡೆಯುವುದು, ಮಧ್ಯಾಹ್ನ ಊಟಕ್ಕೆ ಮುಂಚೆ ಮದ್ದು ತುಂಬಿ ಸಿಡಿಸುವುದು. ತಿಪ್ಪಣ್ಣನದು ಒಂದು ಕಟ್ಟು. ಬಾವಿಗೆ ಬರುವ ಎರಡು ದಾರಿಗೂ ಕೆಂಪು ಬಟ್ಟೆ ಕೊಟ್ಟು ಒಬ್ಬೊಬ್ಬರನ್ನು ನಿಲ್ಲಿಸುತ್ತಿದ್ದ. ಅವನು ಪೀಪಿ ಊದಿದ ಮೇಲೆ ಆ ದಾರಿಯಲ್ಲಿ ಇರುವೆಯೂ ದಾಟಬಾರದು. ಕೊನೆಯಲ್ಲಿ ಬಾವಿಯೊಳಗಿನಿಂದ ಅವನು ಒಂದೊಂದು ದಾರಿಯ ಹೆಸರು ಹಿಡಿದು ಕೂಗುತ್ತಿದ್ದ. "ಯಾರೂ ಇಲ್ಲಾ" ಎಂದು ಎರಡೂ ಕಡೆಯಿಂದ ಉತ್ತರ ಬಂದರೆ ಮಾತ್ರ ಬತ್ತಿಗೆ ಬೆಂಕಿ. "ಬೆಂಕಿ ಹಚ್ಚಾದು ನನ್ನ ಕೈಯಲ್ಲ, ನಿಮ್ಮ ಬಾಯಿ" ಎಂದು ಅವನು ಮೊದಲ ದಿನವೇ ಹೇಳಿದ್ದ. ಮೇಲ್ದಾರಿಗೆ ದೊಡ್ಡಪ್ಪ ನಿಂತ. ಮನೆಯ ಕಡೆಯಿಂದ ಬರುವ ಕೆಳದಾರಿಗೆ, ಹುಣಸೆಮರದ ಬುಡದಲ್ಲಿ, ನಾನು. ಮೊದಲ ಮೂರು ದಿನ ಕೆಂಪು ಬಟ್ಟೆ ಹಿಡಿದು ಪೋಲೀಸಿನವನ ಹಾಗೆ ನಿಂತೆ. ಯಾರೂ ಬರಲಿಲ್ಲ. ನಾಲ್ಕನೇ ದಿನ ಜೇಬಿನಲ್ಲಿ ಆಟ ಇಟ್ಟುಕೊಂಡು ಹೋದೆ.

ಆ ದಿನ ಗಾಳಿ ಇರಲಿಲ್ಲ. ತೆಂಗಿನ ಗರಿ ಒಂದೂ ಅಲ್ಲಾಡುತ್ತಿರಲಿಲ್ಲ. ಹುಣಸೆಮರದ ಮೇಲಿದ್ದ ಗಿಳಿಗಳು ಪೀಪಿಯ ಸದ್ದಿಗೆ ಒಟ್ಟಿಗೆ ಹಾರಿಹೋದವು, ಅವು ಹೋದ ಮೇಲೆ ಉಳಿದ ನಿಶ್ಶಬ್ದ ಇಂದಿಗೂ ನೆನಪಿದೆ. ನಾನು ಬೇರಿನ ಮೇಲೆ ಕುಳಿತಿದ್ದೆ, ಕೆಂಪು ಬಟ್ಟೆ ತೊಡೆಯ ಕೆಳಗಿತ್ತು. ಆಟ ನೂರಾ ಹತ್ತು ದಾಟಿತ್ತು. ಅಕ್ಕನ ಲೆಕ್ಕಕ್ಕೆ ಇನ್ನು ಎಂಟೋ ಒಂಬತ್ತೋ ಬಾಕಿ. ಹಣ್ಣುಗಳು ನಾಲ್ಕೂ ಕಡೆಯಿಂದ ಉರುಳುತ್ತಿದ್ದವು. ದಾರಿಯ ಮೇಲೆ ಕಾಲುಚೈನಿನ ಸದ್ದಾಯಿತು, ಹಸಿರು ಲಂಗದ ಅಂಚು ನನ್ನ ಪಕ್ಕ ಬಂದು ನಿಂತಿತು. ಕೆಲಸದವರಿಗೆ ಮಜ್ಜಿಗೆಯ ತಂಬಿಗೆ ಹಿಡಿದು ಅಕ್ಕ ಬಂದಿದ್ದಳು.

"ಲೇ ಸಿದ್ದ, ಮದ್ದು ಹೊಡದ್ರೇನೋ? ಹೋಗ್ಲಾ?"

ನಾನು ತಲೆ ಎತ್ತಲಿಲ್ಲ. "ಹೂಂ, ಹೊಡದ್ರು. ಹೋಗಕ್ಕ, ಮಾತಾಡಿಸ್ಬೇಡ" ಎಂದೆ.

ಅವಳು ಬಗ್ಗಿ ಗಾಜು ನೋಡಿ, "ಅಯ್ಯೋ ನನ್ನ ಮೀರಿಸ್ತೀಯಲ್ಲೋ ಕಳ್ಳ" ಎಂದು ನನ್ನ ತಲೆಗೆ ಮೊಟಕಿ ಹೋದಳು. ಅವಳ ಹೆಜ್ಜೆಯ ಸದ್ದು ಬಾವಿಯ ಕಡೆಗೆ ಸಣ್ಣದಾಗುತ್ತ ಹೋಯಿತು. ಸ್ವಲ್ಪ ಹೊತ್ತಿಗೆ ತಿಪ್ಪಣ್ಣನ ಕೂಗು. "ಮೇಲ್ದಾರಿ ಹೆಂಗೈತ್ರೀ?" ದೊಡ್ಡಪ್ಪನ ದನಿ, "ಯಾರೂ ಇಲ್ಲಾ!" "ಕೆಳದಾರಿ?" ನನ್ನ ಬಾಯಿ ತಾನಾಗಿ ತೆರೆಯಿತು. "ಯಾರೂ ಇಲ್ಲಾ!" ಎಂದೆ. ಬತ್ತಿ ಉರಿಯುವಷ್ಟು ಹೊತ್ತೂ ನಾನು ಹಣ್ಣು ಹಿಡಿಯುತ್ತಿದ್ದೆ. ಅವಳ ಲೆಕ್ಕ ಮುರಿದೆ. ಕೂಗಿ ಹೇಳಬೇಕೆಂದು ತಲೆ ಎತ್ತಿದಾಗಲೇ ಅವಳು ಹೋಗಿದ್ದು ಎಲ್ಲಿಗೆ ಎಂಬುದು ಹೊಳೆಯಿತು. ಎದ್ದು ನಿಂತೆ. ನೆಲ ಒಮ್ಮೆ ಅದುರಿತು.

ಬಾವಿಯಿಂದ ತೆಗೆದ ಮಣ್ಣಿನ ದಿಬ್ಬದ ಈಚೆ ಬದಿಯಲ್ಲಿ, ಅಂಚಿಗೆ ಎರಡೇ ಮಾರು ದೂರದಲ್ಲಿ ಅವಳು ಕುಳಿತಿದ್ದಳು. ಆಚೆ ಬದಿಯಿಂದ ಹತ್ತಿ ಹೋದ ತಿಪ್ಪಣ್ಣನಿಗೆ ಅವಳು ಕಂಡಿರಲಿಲ್ಲ. ಅವನ ಕೂಗು ಅವಳಿಗೂ ಕೇಳಿಸಿರಬೇಕು, ನನ್ನ ಮಾತು ನಂಬಿ ಅದು ಮದ್ದು ಸಿಡಿದ ಮೇಲಿನ ಕೂಗು ಅಂದುಕೊಂಡಿರಬೇಕು. ಮೈಮೇಲೆ ಕಲ್ಲು ಬಿದ್ದಿರಲಿಲ್ಲ. ತಂಬಿಗೆ ಉರುಳಿ ಮಜ್ಜಿಗೆ ಮಣ್ಣಿನಲ್ಲಿ ಇಂಗುತ್ತಿತ್ತು. ಎರಡೂ ಕಿವಿಯಿಂದ ರಕ್ತದ ಸಣ್ಣ ಎಳೆ ಕೊರಳಿಗೆ ಇಳಿದಿತ್ತು. ದೊಡ್ಡಪ್ಪ ಹೆಸರು ಹಿಡಿದು ಕೂಗುತ್ತಿದ್ದರೆ ಅವಳು ಅವನ ಬಾಯನ್ನು, ಆಮೇಲೆ ನನ್ನ ಬಾಯನ್ನು, ಮತ್ತೆ ಅವನ ಬಾಯನ್ನು ನೋಡುತ್ತಿದ್ದಳು. ತಿಪ್ಪಣ್ಣ ನನ್ನ ರಟ್ಟೆ ಹಿಡಿದು, "ಯಾರೂ ಇಲ್ಲ ಅಂದ್ಯಲ್ಲಪ್ಪ ನೀನು!" ಎಂದ. ಆಗ ನಾನು ಹೇಳಿದ್ದನ್ನು ಇಲ್ಲಿ ಅಕ್ಷರ ಬಿಡದೆ ಬರೆಯುತ್ತೇನೆ. "ನಾನು ಹೇಳಿದ ಮ್ಯಾಲೆ ಹೊಲದಾಗಿಂದ ಬಂದ್ಲು. ಎರಡು ಸಲ ಕೂಗ್ದೆ. ಅವಳಿಗೆ ಕೇಳಿಸ್ಲೇ ಇಲ್ಲ."

ಹೊಸದುರ್ಗದ ಆಸ್ಪತ್ರೆಯಿಂದ ವಾಪಸು ಬರುವಷ್ಟರಲ್ಲಿ ನನ್ನ ಆ ಮಾತು ಊರು ಸುತ್ತಿತ್ತು. ಎರಡು ಸಲ ಕೂಗಿದರೂ ಕೇಳಿಸಲಿಲ್ಲವೆಂದರೆ ಹುಡುಗಿಗೆ ಮೊದಲೇ ಕಿವಿ ಮಂದ ಇರಬೇಕು ಎಂದು ಯಾರೋ ಅಂದರು. ಇರಬಹುದು ಎಂದು ಇನ್ನೊಬ್ಬರು. ಅಟ್ಟದ ಕಾಯಿಯ ಸದ್ದು ಹಿಡಿಯುತ್ತಿದ್ದ ಕಿವಿ ಅದು ಎಂಬುದನ್ನು ನಮ್ಮ ಮನೆಯವರೇ ಮರೆತರು. ಮರೆಯದವಳು ಅಜ್ಜಿ ಒಬ್ಬಳೇ. "ನೀನು ಕೂಗ್ದೇನೋ?" ಎಂದು ನನ್ನನ್ನು ಕೇಳಿದಳು. "ಕೂಗ್ದೆ ಅಜ್ಜಿ" ಎಂದೆ. ಅವಳು ಮತ್ತೆ ಕೇಳಲಿಲ್ಲ, ಸಾಯುವವರೆಗೂ ನನ್ನ ಕೈಗೆ ಒಂದು ಕಾಯಿಯನ್ನೂ ಕೊಡಲಿಲ್ಲ.

ಒಂದು ತಿಂಗಳಾದ ಮೇಲೆ ಅಕ್ಕ ಅಟ್ಟ ಹತ್ತಿ ಕುಳಿತಿದ್ದಳು. ನನ್ನನ್ನು ಕೈಬೀಸಿ ಕರೆದಳು. ನನ್ನ ಜೇಬಿನಿಂದ ಆಟ ತೆಗೆದುಕೊಂಡು ಗುಂಡಿ ಒತ್ತಿ, ಕಾಯಿ ಹಿಡಿಯುತ್ತಿದ್ದ ಹಾಗೆಯೇ ಅದನ್ನು ಕಿವಿಗೆ ಹಿಡಿದಳು. ಆ ಕಿವಿಗೆ, ಈ ಕಿವಿಗೆ, ಆಮೇಲೆ ದವಡೆಯ ಮೂಳೆಗೆ ಒತ್ತಿ ಹಿಡಿದಳು. "ಸದ್ದು ಬರ್ತೈತೇನೋ?" ಎಂದಳು, ಮನೆಯೆಲ್ಲ ಕೇಳುವಷ್ಟು ಜೋರಾಗಿ. ಟಿಕ್ ಟಿಕ್ ಎಂದು ಬರುತ್ತಲೇ ಇತ್ತು. ನಾನು ತಲೆ ಅಲ್ಲಾಡಿಸಿ, ಸೆಲ್ಲು ಹೋಗಿದೆ ಎಂದು ಕೈಯಲ್ಲಿ ತೋರಿಸಿದೆ. ಅವಳು ಗಾಜು ನೋಡಿದಳು. ಸೆಲ್ಲು ಹೋದ ಆಟದಲ್ಲಿ ಹಣ್ಣು ಬೀಳುತ್ತಿದ್ದವು. ಒಂದು, ಎರಡು, ಮೂರು ಬಿದ್ದು ಆಟ ಮುಗಿಯುವವರೆಗೆ ನೋಡಿ ನನ್ನ ಕೈಗೆ ವಾಪಸು ಕೊಟ್ಟಳು. ಅವತ್ತು ಬಾಯಿ ಬಿಟ್ಟು ನನ್ನ ಮೇಲೆ ಒಂದು ಮಾತು ಹೇಳಿದ್ದರೆ ಮನೆಯವರು ನಂಬುತ್ತಿದ್ದರೇನೋ. ಅವಳು ಹೇಳಲಿಲ್ಲ, ಯಾಕೆಂದು ನನಗೆ ಇಂದಿಗೂ ಗೊತ್ತಿಲ್ಲ.

ಹಿರಿಯೂರಿನ ಕಡೆಯ ಒಂದು ಸಂಬಂಧ ಮಾತಾಗಿ ನಿಂತಿತ್ತು. ಅಪಘಾತವಾದರೂ ಪರವಾಗಿಲ್ಲ ಎಂದಿದ್ದ ಗಂಡಿನವರು, ಮೊದಲಿಂದಲೂ ಕಿವುಡಿದ್ದುದನ್ನು ಮುಚ್ಚಿಟ್ಟಿದ್ದಿರಿ ಎಂದು ನಡುಮನೆಯಲ್ಲೇ ಬೈದು ಎದ್ದುಹೋದರು. ಕಂಬದ ಹಿಂದೆ ನಾನು ನಿಂತಿದ್ದೆ. ಎರಡು ವರ್ಷದ ನಂತರ ಹೊಳಲ್ಕೆರೆ ಸೀಮೆಯ ಬಿ.ದುರ್ಗದಲ್ಲಿ ಹೆಂಡತಿ ತೀರಿಕೊಂಡಿದ್ದ ಒಬ್ಬ ರೈತನಿಗೆ ಅವಳನ್ನು ಕೊಟ್ಟರು. ಆತ ಕೆಟ್ಟವನಲ್ಲ. ಅವಳಿಗೊಬ್ಬ ಮಗಳಾದಳು. ಹಬ್ಬಕ್ಕೆ ಹೋದಾಗಲೆಲ್ಲ ನನಗೆ ಕೊಬ್ಬರಿ ಮಿಠಾಯಿ ಕಟ್ಟಿಕೊಟ್ಟು ಕಳಿಸುತ್ತಿದ್ದಳು. ಹೇಳಿದರೂ ಅವಳಿಗೆ ಕೇಳಿಸುವುದಿಲ್ಲವಲ್ಲ ಎಂಬ ನೆಪ ನನಗೆ ಗಟ್ಟಿಯಾಗಿತ್ತು. ಅವಳು ದಿನಾ ಪೇಪರು ಓದುತ್ತಾಳೆ ಎಂಬುದನ್ನು ಕಂಡೂ ಕಾಣದವನಂತಿದ್ದೆ. ಬಾಗೂರಿನ ಮನೆ ಪಾಲಾಗಿ, ಬಿದ್ದು, ಸೈಟಾಯಿತು. ಆ ಬಾವಿಗೆ ಮಣ್ಣು ತುಂಬಿದ್ದಾರೆ. ಹುಣಸೆಮರ ಮಾತ್ರ ಇದೆ. ಅದರ ಬುಡದಲ್ಲಿ ನಿಲ್ಲಲು ನನ್ನಿಂದ ಆಗುವುದಿಲ್ಲ.

ಹೋದ ವಾರ ಅವಳ ಮಗಳು ಫೋನ್ ಮಾಡಿದ್ದಳು. "ಅವ್ವನ ಕಣ್ಣು ಮಂಜಾಗ್ತಾ ಐತೆ ಮಾವ. ಪೊರೆ ಅಲ್ವಂತೆ, ಒಳಗಿನ ನರ ಒಣಗ್ತಾ ಅವೆಯಂತೆ. ದಪ್ಪಕ್ಷರ ಇದ್ರೆ ಓದ್ತಾಳೆ, ಅದೂ ಎಷ್ಟು ದಿನಾನೋ" ಎಂದಳು. ಫೋನ್ ಇಟ್ಟ ಮೇಲೆ ನನಗೆ ಕಂಡಿದ್ದು ಆ ಬೂದು ಗಾಜು. ಮೇಲಿನ ಮೂಲೆಯಿಂದ ಕೊನೆಯ ಹಣ್ಣು ಉರುಳಲು ಶುರುವಾಗಿದೆ, ಈ ಸಲವೂ ನಾನು ಬೇರೆ ಕಡೆ ನೋಡುತ್ತ ಕುಳಿತಿದ್ದೇನೆ.

ಸುಳ್ಳನ್ನು ಎಲ್ಲರ ಮುಂದೆ ಹೇಳಿದ್ದೆ, ಅದಕ್ಕೇ ನಿಜವನ್ನೂ ಎಲ್ಲರೂ ಓದುವ ಹಾಗೆ ಅಚ್ಚಿಗೆ ಕೊಡುತ್ತಿದ್ದೇನೆ. ಆದರೆ ಇಲ್ಲಿನ ಸಣ್ಣ ಅಕ್ಷರ ಅವಳಿಗೆ ಕಾಣಲಿಕ್ಕಿಲ್ಲ. ಮೊಮ್ಮಗಳ ಡ್ರಾಯಿಂಗ್ ಪುಸ್ತಕ ಕೇಳಿ ಪಡೆದು, ಕರಿ ಸ್ಕೆಚ್ ಪೆನ್ನಿನಲ್ಲಿ, ಒಂದು ಹಾಳೆಗೆ ನಾಲ್ಕೇ ಸಾಲಿನಂತೆ ಇದನ್ನೆಲ್ಲ ಮತ್ತೆ ಬರೆಯುತ್ತಿದ್ದೇನೆ. ನಾಳೆ ಬೆಳಗಿನ ಹೊಳಲ್ಕೆರೆ ಬಸ್ಸಿಗೆ ಹೋಗುತ್ತೇನೆ. ಅವಳು ಓದುವಾಗ ಎದುರಿಗೆ ಕೂರುತ್ತೇನೆ, ಈ ಸಲ ತಲೆ ಎತ್ತಿ. ಎಲ್ಲ ಹಾಳೆ ಓದುವಷ್ಟು ಕಣ್ಣು ಉಳಿಯದಿದ್ದರೆ ಎಂದು ಮೊದಲ ಹಾಳೆಯಲ್ಲಿ ಒಂದೇ ಸಾಲು ಬರೆದಿದ್ದೇನೆ, ನನ್ನ ಕೈ ಎಷ್ಟು ದಪ್ಪಗೆ ಬರೆಯಬಲ್ಲದೋ ಅಷ್ಟು ದಪ್ಪಗೆ. ಅವತ್ತು ನಾನು ಕೂಗಲೇ ಇಲ್ಲ, ನೀಲಕ್ಕ.