ರಂಗಮ್ಮನ ಪರವಾಗಿ ಮಾತಾಡುವವನು

ಜಾವಗಲ್ ಸಂತೆಯಲ್ಲಿ ತೆಂಗಿನಕಾಯಿ ಮಾರುವ ರಂಗಮ್ಮನ ಹತ್ತಿರ ಚೌಕಾಸಿ ಮಾಡಿ ಗೆದ್ದವರು ಯಾರೂ ಇಲ್ಲ. ಗೆದ್ದೆವು ಅಂದುಕೊಂಡು ಮನೆಗೆ ಹೋದವರು ಬಹಳ ಜನ. ಎಪ್ಪತ್ತು ದಾಟಿದ ಮೇಲೂ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಗಿರಾಕಿಯ ಮುಖ ನೋಡಿಯೇ ಬೆಲೆ ಹೇಳುತ್ತಿದ್ದಳು. ಅಂಥವಳು ಈ ವರ್ಷ ತನ್ನ ಸಾವಿನ ವಿಷಯದಲ್ಲೂ ಕರಾರಿಗೆ ಕೂತಳು.

ಸಕ್ಕರೆ ಕಾಯಿಲೆ ತೋರಿಸಲು ಹೋದಾಗ ಡಾಕ್ಟರ್ ಮೇಧಿನಿ ಈಗಿನ ಕಾನೂನನ್ನು ಬಿಡಿಸಿ ಹೇಳಿದ್ದರು. ವಾಸಿಯಾಗುವ ಆಸೆಯೇ ಇಲ್ಲದೆ, ಬಾಯಿಬಿಟ್ಟು ಹೇಳಲೂ ಆಗದೆ ಮಲಗುವ ಕಾಲ ಬಂದರೆ ಉಸಿರಿನ ಯಂತ್ರ ಬೇಡ ಎಂದು ಮೊದಲೇ ಬರೆದಿಡಬಹುದು. ಇಬ್ಬರು ಸಾಕ್ಷಿ ಬೇಕು, ನೋಟರಿಯ ಮೊಹರು ಬೇಕು, ಆಗ ತನ್ನ ಪರವಾಗಿ ಮಾತಾಡುವ ಆಪ್ತರ ಹೆಸರೂ ಬೇಕು.

"ಸೂಜಿ ಚುಚ್ಚಿ ಕಳಿಸ್ಬಿಡ್ತೀರಾ?"

"ಇಲ್ಲಮ್ಮ, ಅದು ಅಪರಾಧ. ಸಾಯಿಸೋದು ಬೇರೆ, ಸಾಯೋದನ್ನ ಎಳೆದಾಡದೆ ಇರೋದು ಬೇರೆ. ಅದಕ್ಕೂ ಡಾಕ್ಟರುಗಳ ಎರಡು ಮಂಡಳಿ ನೋಡಿ ಒಪ್ಪಬೇಕು."

"ಆಮೇಲೆ ನಂಗೆ ಮನಸ್ಸು ಬದಲಾದ್ರೆ?"

"ಯಾವಾಗ ಬೇಕಾದ್ರೂ ರದ್ದು ಮಾಡಬಹುದು."

ಒಪ್ಪಿಕೊಂಡ ಮೇಲೂ ಹಿಂದೆ ಸರಿಯಬಹುದಾದ ವ್ಯಾಪಾರವನ್ನು ರಂಗಮ್ಮ ಜೀವಮಾನದಲ್ಲಿ ಕಂಡಿರಲಿಲ್ಲ. ಅಲ್ಲೇ ತೀರ್ಮಾನ ಮಾಡಿಬಿಟ್ಟಳು.

ಸಾಕ್ಷಿ ಹಾಕಲು ಸಂತೆಯಲ್ಲಿ ಪಕ್ಕ ಕೂರುವ ಬೆಲ್ಲದ ಗಂಗಾಧರಪ್ಪನನ್ನು ಕೇಳಿದಳು. ಅವನು ನಕ್ಕ. "ನೀನ್ ಹೋದ್ರೆ ನಿನ್ ಜಾಗದಾಗೆ ನಾನು ಬೆಲ್ಲ ಹರಡ್ತೀನಿ ರಂಗಕ್ಕ. ಇಂಥೋನ್ ಸಾಕ್ಷಿ ನಡೀತೈತಾ?"

"ನಡೀತೈತೆ ಬಿಡು. ಆ ಜಾಗ ಆಗ್ಲೇ ನನ್ ಸೊಸೆಗೆ ಹೇಳಿವ್ನಿ."

ಡಾಕ್ಟರ ಆಸ್ಪತ್ರೆಯ ನರ್ಸ್ ಲತಾಮಣಿ ಎರಡನೇ ಸಾಕ್ಷಿಯಾಗಲು ಒಪ್ಪಿದಳು. ತೊಡಕಾದದ್ದು ಆಪ್ತರ ಹೆಸರು ಅನ್ನುವ ಜಾಗದಲ್ಲಿ. ರಂಗಮ್ಮನಿಗೆ ಇರುವವನು ಒಬ್ಬನೇ ಮಗ, ಉಮೇಶ. ತೀರಿಕೊಂಡ ತಂದೆ ಲಕ್ಕಪ್ಪನಂತೆಯೇ ದನದ ದಲ್ಲಾಳಿ. ಕೋಡು ಬೀಸುವ ಹೋರಿಯ ಮುಂದೆ ಕೂಡ ಹಿಂಜರಿಯದವನು ಒಂದು ಸಹಿಗೆ ಮೂರು ಹೆಜ್ಜೆ ಹಿಂದೆ ಹೋದ.

"ಆಗಲ್ಲ ಕಣವ್ವ. ಖರ್ಚಿಗೆ ಹೆದರ್ಕೊಂಡು ಹೆತ್ತೋಳನ್ನ ಬಿಟ್ಟ ಅಂತಾರೆ ಊರೋರು."

"ಊರೋರು ನಾನು ಕೊಟ್ಟ ಕಾಯಿಗೂ ಹೆಸರಿಟ್ಟವ್ರೆ. ಕೊಳ್ಳೋದು ಬಿಟ್ಟವ್ರಾ?"

"ಅದಲ್ಲವ್ವ. ನಾನು ಬೇಡ ಅಂದು, ನೀನು ಬದುಕೋ ಹಂಗಿದ್ರೆ? ಆ ಪಾಪ ಯಾರ್ ಹೊರ್ಬೇಕು?"

ಇದಕ್ಕೆ ರಂಗಮ್ಮ ತಮಾಷೆ ಮಾಡಲಿಲ್ಲ. ಜಗುಲಿಯ ಮೇಲೆ ಮಗನ ಪಕ್ಕಕ್ಕೆ ಬಂದು ಕೂತಳು.

"ನಿಮ್ಮಪ್ಪ ಆಸ್ಪತ್ರೆಲಿ ನಿನ್ ಬೆರಳು ಹಿಡ್ಕೊಂಡನಲ್ಲ, ಏನ್ ಹೇಳ್ದ?"

ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಹಾಕಿ ಬೆರಳು ಹಿಡಿದು ಕೇಳುತ್ತಾರೆ, ಬೆರಳು ಹಿಡಿದೇ ಏರಿಸುತ್ತಾರೆ. ಸಾಕು ಅನ್ನಿಸಿದವನು ಕೈ ಎಳೆದುಕೊಳ್ಳುತ್ತಾನೆ. ಗಂಟಲಲ್ಲಿ ನಳಿಕೆ ಇದ್ದ ಲಕ್ಕಪ್ಪ ಮಗನ ಬೆರಳುಗಳನ್ನು ಬಿಗಿಯಾಗಿ ಹಿಡಿದಿದ್ದ. ಅಪ್ಪ ಇನ್ನೂ ವ್ಯಾಪಾರದಲ್ಲಿದ್ದಾನೆ ಎಂದುಕೊಂಡ ಉಮೇಶ, ಎಲ್ಲವನ್ನೂ ಮುಂದುವರಿಸಿ ಎಂದು ಡಾಕ್ಟರಿಗೆ ಹೇಳಿದ್ದ. ಅದು ವಾರಗಟ್ಟಲೆ ನಡೆಯಿತು. ತನ್ನ ಪಂಚೆಯ ಗಂಟನ್ನು ಹೆಂಡತಿಗೂ ಮುಟ್ಟಲು ಬಿಡದಿದ್ದ ಮನುಷ್ಯನನ್ನು ಅಪರಿಚಿತರು ದಿನವೂ ಹೊರಳಿಸಿ ಒರೆಸಿದರು.

"ಬಿಡಬ್ಯಾಡ ಅಂದ ಅನ್ಕೊಂಡೆ," ಎಂದ ಉಮೇಶ. "ಸಾಕು ಅನ್ನಿಸಿದ್ರೆ ಕೈ ಎಳ್ಕೊತಿರ್ಲಿಲ್ವಾ?"

"ನಳಿಕೆ ಕಿತ್ಕೊತಾನೆ ಅಂತ ಮಂಚಕ್ಕೆ ಕಟ್ಟಾಕಿದ್ರಲ್ಲ ಮಗಾ. ಕಟ್ಟಾಕಿರೋ ಕೈನ ಹೆಂಗ್ ಎಳ್ಕೊತಾನೆ?"

ಉಮೇಶನ ಮುಖ ಇಳಿದುಹೋಯಿತು. ರಂಗಮ್ಮ ಅವನ ಬೆನ್ನ ಮೇಲೆ ಕೈಯಿಟ್ಟಳು. "ನಿನ್ ತಪ್ಪು ಅಂತಿಲ್ಲ ಕಣ್ಲಾ. ಬಿಡಬ್ಯಾಡ ಅಂದ್ನೋ, ಸಾಕು ಅಂದ್ನೋ, ನಂಗೂ ಗೊತ್ತಿಲ್ಲ. ಅದಕ್ಕೇ ನಾಲಿಗೆ ಓಡಾಡೋವಾಗ್ಲೇ ಹೇಳ್ತಾ ಇವ್ನಿ. ನೀನು ಊಹೆ ಮಾಡೋದು ಬ್ಯಾಡ. ನಾನು ಹೇಳಿದ್ದನ್ನ ಹೇಳಿದ್ರೆ ಸಾಕು."

ಮಾರನೇ ದಿನ ಉಮೇಶ ತಾನೇ ಹೋಗಿ ಡಾಕ್ಟರ್ ಮೇಧಿನಿಯವರನ್ನು ಕಂಡ. ಬದುಕುವ ದಾರಿ ಇದ್ದರೆ ಚಿಕಿತ್ಸೆ ನಿಲ್ಲುವುದಿಲ್ಲ ಎಂಬುದನ್ನು ಬೇರೆಬೇರೆ ಮಾತಲ್ಲಿ ಕೇಳಿ, ಒಂದೇ ಉತ್ತರ ಬರುತ್ತದೆಯೇ ಎಂದು ಪರೀಕ್ಷಿಸಿದ. ದಲ್ಲಾಳಿಯ ಚಾಳಿ. ಅರಸೀಕೆರೆಯ ನೋಟರಿಯ ಮುಂದೆ ಎಲ್ಲರೂ ಕೂತಾಗ, ಸಹಿ ಹಾಕುವ ಮೊದಲು ಒಂದು ಸಾಲು ಸೇರಿಸಬೇಕೆಂದು ಹಟ ಹಿಡಿದ. ನೋವಿಗೆ ಔಷಧಿ ಕೊನೆಯವರೆಗೂ ಕೊಡಬೇಕು, ಸಾಧ್ಯವಾದರೆ ಮನೆಗೆ ಕರೆತರಬೇಕು.

"ಅಬ್ಬಾ, ನಾನು ಕೇಳದೇ ಇದ್ದದ್ದನ್ನೂ ಕೊಟ್ಯಲ್ಲೋ," ಎಂದಳು ರಂಗಮ್ಮ. "ನೀನು ವ್ಯಾಪಾರದಾಗೆ ಉದ್ಧಾರ ಆಗಲ್ಲ ಬಿಡು."

ಸುದ್ದಿ ಅವರಿಗಿಂತ ಮೊದಲೇ ಜಾವಗಲ್ ತಲುಪಿತ್ತು. ಮುಂದಿನ ಸಂತೆಗೆ ಮಾದಿಹಳ್ಳಿಯಿಂದ ದೂರದ ನೆಂಟ ಮರುಳಪ್ಪ ಬ್ರೆಡ್ಡು, ಮೂಸಂಬಿ ಹಿಡಿದು, ಕಣ್ಣು ಒದ್ದೆ ಮಾಡಿಕೊಂಡೇ ಬಂದ. ಸಾಯಲಿರುವವಳು ಕಾಯಿ ಗುಡ್ಡೆಯ ಹಿಂದೆ ನಿಂತು ಗಿರಾಕಿಯನ್ನು ಗದರುತ್ತಿದ್ದಳು. ಅವನ ದುಃಖ ಪಕ್ಕದಲ್ಲೇ ಇದ್ದ ಉಮೇಶನ ಕಡೆಗೆ ತಿರುಗಿತು.

"ಏನ್ಲಾ, ಹೆತ್ತ ತಾಯಿನ ಹಂಗೇ ಬಿಟ್ಬಿಡ್ತೀನಿ ಅಂತ ಬರ್ಕೊಟ್ಟಿದ್ದೀಯಂತೆ?"

ಸಂತೆ ಕಿವಿಯಾಯಿತು. ರಂಗಮ್ಮ ಬಾಯಿ ತೆರೆದಳು, ಮಗನ ಮುಖ ನೋಡಿ ಮುಚ್ಚಿಕೊಂಡಳು.

"ಬರ್ಕೊಟ್ಟಿರೋದು ಅವ್ವ," ಎಂದ ಉಮೇಶ, ಎಲ್ಲರಿಗೂ ಕೇಳುವಂತೆ. "ಬದುಕೋ ದಾರಿ ಇದ್ರೆ ಮನೆ ಮಾರಾದ್ರೂ ಉಳಿಸ್ಕೊತೀನಿ. ದಾರಿ ಇಲ್ಲ ಅಂದಾಗ ಅವ್ಳ ಕೈ ಕಟ್ಟೋಕೆ ಬಿಡಲ್ಲ. ಅವ್ಳು ಹೇಳಿರೋದು ಅದೇ, ನಾನು ಹೇಳೋದೂ ಅದೇ. ಯಾರ್ ಕೇಳಿದ್ರೂ."

ರಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮರುಳಪ್ಪನ ಕೈಯಿಂದ ಮೂಸಂಬಿ ಇಸಕೊಂಡಳು. "ಬಿಸಿಲಾಗೆ ಬಂದಿದ್ದೀಯ, ಕೂತ್ಕೊಳಪ್ಪ," ಎಂದು ಒಂದನ್ನು ಸುಲಿದು ಮೊದಲು ಮಗನಿಗೆ ಕೊಟ್ಟಳು.