ಕಾಣೆಯಾದ ಮೆನು

ಬ್ಯಾಡ್ಜ್ ಅಕ್ಕ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಶಾಲೆಯ ಅಂಗಿಯ ಜೇಬಿನ ಮೇಲಿನ ಲಾಂಛನ, ದಾದಿಯರ ಕೋಟಿನ ಮೇಲಿನ ಹೆಸರು, ಎಲ್ಲವೂ ಅವಳ ಮುಂಗೋಣೆಯ ಕಸೂತಿ ಯಂತ್ರದಿಂದಲೇ ಬರಬೇಕು. ಮೊದಲು ಕೈಯಲ್ಲೇ ಹೊಲಿಯುತ್ತಿದ್ದಳು. ಕಣ್ಣು ಕೈಕೊಟ್ಟ ಮೇಲೆ ಯಂತ್ರ ತಂದಳು, ಅದಕ್ಕೆ ಚಿತ್ರ ಬರೆದುಕೊಡಲು ಕಂಪ್ಯೂಟರ್ ಕಲಿತಳು.

ತನ್ನ ಗಂಡ ತೀರಿಕೊಂಡ ಮೇಲೆ ತಂಗಿ ಅವಳ ಜೊತೆ ಇರಲು ಬಂದಳು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸುವುದು ತಂಗಿಯ ಕೆಲಸ. ಕಸೂತಿಯ ಸಾಫ್ಟ್‌ವೇರ್‌ಗೆ ವಿಂಡೋಸ್ ಬೇಕು, ತಂಗಿಗೆ ರೂಢಿಯಾದದ್ದು ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆ. ಹಾಗಾಗಿ ಒಂದೇ ಕಂಪ್ಯೂಟರಿನೊಳಗೆ ಇಬ್ಬರಿಗೂ ಒಂದೊಂದು ಡಿಸ್ಕ್. ಆನ್ ಮಾಡಿದೊಡನೆ ಯಾವುದು ಬೇಕೆಂದು ಕೇಳುವ ಮೆನು ಬರುತ್ತಿತ್ತು. ಬೆಳಿಗ್ಗೆ ಅಕ್ಕನ ಸರದಿ, ಯಂತ್ರದ ಸದ್ದು ನಿಂತ ಮೇಲೆ, ಬಾಗಿಲು ಮುಚ್ಚಿಕೊಂಡು, ತಂಗಿಯದು.

ಒಂದು ಮಧ್ಯಾಹ್ನ ಆ ಮೆನು ಬರಲೇ ಇಲ್ಲ. ಕಂಪ್ಯೂಟರ್ ನೇರವಾಗಿ ವಿಂಡೋಸ್‌ಗೆ ಹೋಯಿತು.

“ಅಕ್ಕಾ, ನನ್ನದೆಲ್ಲಾ ಎಲ್ಲೋಯ್ತು?”

“ನನಗೇನು ಗೊತ್ತು? ನಿನ್ನ ಕಡೆ ನಾನು ತಲೆನೂ ಹಾಕಲ್ಲ.”

“ಜಾಗ ಸಾಲ್ತಿಲ್ಲ ಅಂತ ಮೊನ್ನೆಯಿಂದ ನೀನೇ ಗೊಣಗ್ತಿದ್ದೆ. ಅಳಿಸಿಬಿಟ್ಯಾ?”

ತಂಗಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅರ್ಧ ಓದಿ ಧ್ವನಿಮುದ್ರಿಸಿದ್ದ ದೊಡ್ಡ ಕಾದಂಬರಿಯೊಂದು ಆ ಡಿಸ್ಕಿನಲ್ಲಿತ್ತು.

ಬೈಸಿಕೊಂಡು ಸುಮ್ಮನೆ ಕೂರುವ ಜಾಯಮಾನ ಅಕ್ಕನದಲ್ಲ. ಹಿಂದೆ ಲಿನಕ್ಸ್ ಹಾಕಲು ಬಳಸಿದ್ದ ಪೆನ್‌ಡ್ರೈವ್ ಹುಡುಕಿ, ಅದರಿಂದಲೇ ಕಂಪ್ಯೂಟರ್ ಶುರು ಮಾಡಿದಳು. ಮತ್ತೆ ಹಾಕಿದರೆ ಸರಿಹೋದೀತೆಂದು ಮುಂದುಮುಂದಕ್ಕೆ ಒತ್ತುತ್ತಾ ಹೋದಳು. ಡಿಸ್ಕನ್ನು ಪೂರ್ತಿ ಅಳಿಸಲೇ ಎಂದು ಪರದೆ ಕೇಳಿತು. ಮೌಸ್‌ನಿಂದ ಕೈ ಕಿತ್ತುಕೊಂಡಳು. ಆದರೆ ಅಲ್ಲೇ ಒಂದು ವಿಷಯ ಕಂಡಿತು: ತಂಗಿಯ ಡಿಸ್ಕ್ ಖಾಲಿಯಾಗಿರಲಿಲ್ಲ, ಮುಕ್ಕಾಲು ತುಂಬಿತ್ತು. ಇದ್ದದ್ದು ಇದ್ದಲ್ಲೇ ಇದೆ, ದಾರಿ ಮಾತ್ರ ತಪ್ಪಿದೆ.

ಏನನ್ನೂ ಅಳಿಸದೆ ವಿಂಡೋಸ್‌ಗೆ ಮರಳಿ, ಬಾಕಿ ಇದ್ದ ಬ್ಯಾಡ್ಜಿನ ಚಿತ್ರ ಮುಗಿಸಿ ಉಳಿಸಿದಳು. ಹೊಸ ಚಿತ್ರ ಪಟ್ಟಿಯ ಮೇಲ್ತುದಿಗೆ ಬರುವ ಬದಲು ಎಲ್ಲಕ್ಕಿಂತ ಹಳೆಯದಾಗಿ ತಳದಲ್ಲಿ ಕೂತಿತು. ಗಡಿಯಾರ ನೋಡಿದರೆ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿತ್ತು. ರಿಪೇರಿಯವನಿಗೆ ಫೋನ್ ಮಾಡಿದಳು.

“ಒಳಗಿರೋ ಪುಟ್ಟ ಬ್ಯಾಟರಿ ಸತ್ತಿದೆ ಮೇಡಂ. ಕರೆಂಟ್ ತೆಗೆದಾಗ ತಾರೀಖು ಮರೆಯುತ್ತೆ, ಯಾವ ಡಿಸ್ಕ್ ಮೊದಲು ನೋಡಬೇಕು ಅನ್ನೋದನ್ನೂ ಮರೆಯುತ್ತೆ. ಆ ಮೆನು ಇರೋದು ನಿಮ್ಮ ತಂಗಿಯವರ ಡಿಸ್ಕಲ್ಲಿ. ಅದನ್ನ ಮೇಲಕ್ಕೆ ತನ್ನಿ, ಬರುತ್ತೆ. ಬ್ಯಾಟರಿ ಮಾತ್ರ ಬದಲಾಯಿಸಲೇಬೇಕು.”

ಅವನು ಹೇಳಿದಂತೆ, ಆನ್ ಮಾಡುವಾಗ ಕೀಲಿಯೊಂದನ್ನು ಒತ್ತಿ ಹಿಡಿದು, ಸೆಟ್ಟಿಂಗ್‌ನಲ್ಲಿ ಡಿಸ್ಕುಗಳ ಕ್ರಮ ಬದಲಿಸಿದಳು. ಮೆನು ಬಂತು. ತಂಗಿಯ ಬಾಗಿಲು ತಟ್ಟಿ, “ಬಂದಿದೆ, ನೋಡ್ಕೋ,” ಎಂದಳು. ಬ್ಯಾಟರಿ ಸತ್ತದ್ದೇ ಕಾರಣವೆಂದು ಹೇಳಿದರೆ, “ಹೌದಾ,” ಎಂದು ತಂಗಿ ನಂಬದೆ ಮೂಗು ಮುರಿದಳು.

ಮಲಗುವ ಮುನ್ನ ಗೋಡೆಯ ಮೇಲಿನ ಕಂಪ್ಯೂಟರಿನ ಸ್ವಿಚ್ ಆರಿಸುವುದು ಆ ಮನೆಯ ಅಭ್ಯಾಸ. ಬೆಳಿಗ್ಗೆ ಅಕ್ಕ ಅಡುಗೆಮನೆಯಲ್ಲಿದ್ದಾಗ ತಂಗಿಯೇ ಹೋಗಿ ಕಂಪ್ಯೂಟರ್ ಹಾಕಿದಳು. ಮೆನು ಮತ್ತೆ ಮಾಯ. “ಅಕ್ಕಾ!” ಎಂದು ಕರೆದಳು.

“ನಾನು ಇನ್ನೂ ಆ ಕೋಣೆಗೇ ಬಂದಿಲ್ಲಮ್ಮಾ!” ಎಂದು ಅಕ್ಕ ಒಳಗಿನಿಂದಲೇ ಕೂಗಿದಳು.

ತಂಗಿ ಚಪ್ಪಲಿ ಮೆಟ್ಟಿ ಹೊರಟು, ನಾಣ್ಯದಂಥ ಬ್ಯಾಟರಿಯೊಂದನ್ನು ತಂದಳು. ತಂತಿ ಕಿತ್ತು, ಡಬ್ಬ ಬಿಚ್ಚಿ, ಇಬ್ಬರೂ ಸೇರಿ ಹಳೆಯದನ್ನು ಉಗುರಿನಿಂದ ಎಬ್ಬಿಸಿ ಹೊಸದನ್ನು ಕೂರಿಸಿದರು. ತಾರೀಖು, ಡಿಸ್ಕುಗಳ ಕ್ರಮ ಎರಡನ್ನೂ ಮತ್ತೆ ಸರಿಪಡಿಸಿದರು. ಅಂದಿನಿಂದ ಮೆನು ತಪ್ಪಿಲ್ಲ.

“ನಾನು ಹಾಗನ್ನಬಾರದಿತ್ತು ಅಕ್ಕ.”

“ಬಿಡು. ಗೊಣಗಿದ್ದು ನಾನೇ ಅಲ್ವಾ? ಮೊದಲು ನಿನ್ನ ಓದನ್ನೆಲ್ಲಾ ಇನ್ನೊಂದು ಕಡೆ ಕಾಪಿ ಮಾಡಿಡು.” ಡಬ್ಬದ ಧೂಳೊರೆಸುತ್ತಾ, “ಆ ಕಾದಂಬರೀಲಿ ಅವಳು ಗಂಡನ ಮನೆ ಬಿಟ್ಟು ಬಂದ್ಬಿಡ್ತಾಳಾ?” ಎಂದು ಕೇಳಿದಳು.

“ನಿಂಗೆ ಹೇಗೆ ಗೊತ್ತು ಆ ಕತೆ?”

“ಗೋಡೆಗೆ ಕಿವಿ ಕೊಟ್ಟು ಕೇಳ್ತೀನಿ ಕಣೇ.”

ತಂಗಿ ನಕ್ಕಳು. ಆ ದಿನ ಬಾಗಿಲು ಮುಚ್ಚದೆಯೇ ಓದಿದಳು.